ಸಾಲಿನಲ್ಲಿ ನಿಲ್ಲಲಾರದವರ ಸರದಿ

2017ರ ಸೆಪ್ಟೆಂಬರಿನಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಒಂದು ಬಗೆಯ ಚಿತ್ರ ಹಲವರ ನೆನಪಿನಲ್ಲಿ ಇರಬೇಕು. ಮ್ಯಾನ್ಮಾರಿನ ರಖೈನ್ ಸೀಮೆಯಿಂದ ಬಾಂಗ್ಲಾದೇಶದ ಕಡೆಗೆ ಕೆಸರು ತುಳಿಯುತ್ತ ಬರುತ್ತಿರುವ ರೋಹಿಂಗ್ಯಾ ಜನ. ನಡುವೆ ಇಬ್ಬರು ಗಂಡಸರು, ಅವರ ಹೆಗಲ ಮೇಲೊಂದು ಬಿದಿರಿನ ಗಳು, ಗಳುವಿಗೆ ಕಟ್ಟಿದ ಬಟ್ಟೆಯ ಜೋಲಿ, ಜೋಲಿಯಲ್ಲಿ ಮುದುಡಿ ಕೂತ ಒಂದು ಮುದಿಜೀವ. 'ನಮ್ಮ ಶ್ರವಣಕುಮಾರ ಕಣ್ರೀ' ಎಂದು ಕಣ್ಣೊರೆಸಿಕೊಂಡವರನ್ನು ಬಲ್ಲೆ. ನಾನೂ ಹಾಗೇ ಅಂದುಕೊಂಡವನೇ.

ಶ್ರವಣಕುಮಾರನ ಕತೆಯನ್ನು ನಾವು ಯಾವಾಗಲೂ ಅಡ್ಡೆ ಹೊತ್ತ ದೃಶ್ಯಕ್ಕೇ ನಿಲ್ಲಿಸಿ ಕೈಮುಗಿಯುತ್ತೇವೆ. ಕತೆ ಅಲ್ಲಿಗೆ ಮುಗಿಯುವುದಿಲ್ಲವಲ್ಲ. ನೀರು ತರಲು ಹೋದ ಮಗ ದಶರಥನ ಬಾಣಕ್ಕೆ ಬೀಳುತ್ತಾನೆ. ಬಾಣ ಒಂದು, ಹೆಣ ಮೂರು. ಕಣ್ಣಿಲ್ಲದ ಆ ತಂದೆತಾಯಿಯ ಲೋಕವೆಲ್ಲ ಒಂದೇ ಹೆಗಲಿಗೆ ನೇತುಬಿದ್ದಿತ್ತು. ಹೆಗಲು ಉರುಳಿತು, ಲೋಕವೂ ಉರುಳಿತು. ಪಿತೃಭಕ್ತಿಯ ಮಾದರಿ ಎಂದು ಮಕ್ಕಳಿಗೆ ಹೇಳಿಕೊಡುವ ಈ ಕತೆ ನಿಜವಾಗಿ ಒಂದು ದುರಂತದ ತನಿಖಾ ವರದಿ. ಎರಡು ಅಸಹಾಯಕ ಜೀವಗಳ ಪೂರ್ತಿ ಭಾರವನ್ನು ಒಬ್ಬನ ಮೇಲೆ ಹೇರಿ ಉಳಿದವರೆಲ್ಲ ಹೊಗಳುತ್ತ ನಿಂತರೆ ಏನಾಗುತ್ತದೆ ಎಂಬುದು ಅದರಲ್ಲಿದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ನಿರಾಶ್ರಿತರಿಗೆ ನೆರವಾಗುವವರ ಲೋಕದಲ್ಲಿ, ಸರ್ಕಾರಗಳಲ್ಲಿ, ಪತ್ರಿಕೆ ಓದಿ ಮರುಗುವ ನಮ್ಮಂಥವರಲ್ಲಿಯೂ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಮೊದಲು ಬಹುಪಾಲು ಜನರ ಜೀವ ಉಳಿಸೋಣ. ಅನ್ನ, ನೀರು, ಸೂರು ಎಲ್ಲರಿಗೂ ಸಮನಾಗಿ ಸಿಗಲಿ. ಅಂಗವಿಕಲರು, ಮುದುಕರು ಎಂಬ 'ವಿಶೇಷ' ವಿಚಾರಗಳನ್ನು ಎರಡನೆಯ ಹಂತದಲ್ಲಿ ನೋಡಿಕೊಳ್ಳೋಣ. ಅಲ್ಲಿಯವರೆಗೆ ಮನೆಯವರು ಹೇಗೂ ಇದ್ದಾರಲ್ಲ. ಈ ಮಾತನ್ನು ಕೆಟ್ಟವರು ಆಡುವುದಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ಟಾರ್ಪಾಲು ಹಂಚಿದವರೇ ಆಡುತ್ತಾರೆ. ಕೇಳಿದರೆ ವಿವೇಕದ ಮಾತೆಂದೇ ಅನ್ನಿಸುತ್ತದೆ. ಎರಡನೆಯ ಹಂತ ಎಂಬುದು ಬರುವುದೇ ಇಲ್ಲ ಎಂಬ ಒಂದು ಸಂಗತಿಯನ್ನು ಬಿಟ್ಟರೆ.

ಬಾಂಗ್ಲಾದೇಶದ ಕಾಕ್ಸ್ ಬಜಾರಿನ ಶಿಬಿರಗಳನ್ನೇ ನೋಡಿ. 2017ರ ಆಗಸ್ಟ್ 25ರ ನಂತರ ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿದರು. ಉಖಿಯಾ ಮತ್ತು ಟೆಕ್ನಾಫ್ ಉಪಜಿಲ್ಲೆಗಳ ಗುಡ್ಡಗಳ ಮೇಲಿನ ಕಾಡು ಕಡಿದು ಬಿದಿರು, ಟಾರ್ಪಾಲಿನ ಗುಡಿಸಲುಗಳು ಎದ್ದವು. ಇಟ್ಟಿಗೆ, ಕಾಂಕ್ರೀಟು ಬಳಸಿ ಶಾಶ್ವತವಾಗಿ ಕಟ್ಟಲು ಅನುಮತಿ ಇಲ್ಲ. ಮಣ್ಣು ಸಡಿಲ. ಇಳಿಜಾರಿನಲ್ಲಿ ಮೆಟ್ಟಿಲು ಎಂದರೆ ಮರಳು ತುಂಬಿದ ಚೀಲಗಳ ಸಾಲು. ಮಳೆಗಾಲದಲ್ಲಿ ಅವೂ ಜಾರುತ್ತವೆ. ಪಾಯಿಖಾನೆ ಇನ್ನೊಂದು ದಿಣ್ಣೆಯ ಮೇಲೆ, ಕೊಳವೆಬಾವಿ ತಗ್ಗಿನಲ್ಲಿ, ಪಡಿತರದ ಕೇಂದ್ರ ಮತ್ತೊಂದು ಗುಡ್ಡದಾಚೆ.

ಇಂಥ ಜಾಗದಲ್ಲಿ 'ಎಲ್ಲರಿಗೂ ಸಮ' ಎಂಬ ನೀತಿ ಹೇಗೆ ನಡೆಯುತ್ತದೆ? ಎಲ್ಲರಿಗೂ ಒಂದೇ ಸಾಲು, ಒಂದೇ ತೂಕದ ಅಕ್ಕಿಯ ಮೂಟೆ, ಒಂದೇ ಎತ್ತರದ ಮೆಟ್ಟಿಲು. ನಾವು ಪಂಕ್ತಿಭೇದದ ಇತಿಹಾಸ ಇರುವ ಜನ, ಹಾಗಾಗಿ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ನ್ಯಾಯ ಸಿಕ್ಕಿತೆಂದು ಬೇಗ ಒಪ್ಪಿಕೊಳ್ಳುತ್ತೇವೆ. ಕೂರಲಾಗದವನನ್ನು, ಪಂಕ್ತಿಯ ತನಕ ಬರಲಾಗದವಳನ್ನು ಯಾರೂ ಎಬ್ಬಿಸಿ ಕಳಿಸಬೇಕಾಗಿಲ್ಲ. ಅವರು ಬಂದೇ ಇರುವುದಿಲ್ಲ. ಬೈದು ಓಡಿಸುವವನಿಲ್ಲದ ಪಂಕ್ತಿಭೇದ ಇದು. ಅದಕ್ಕೇ ಇದರ ವಿರುದ್ಧ ಚಳವಳಿಯೂ ಹುಟ್ಟುವುದಿಲ್ಲ.

ಇನ್ನು, ಅಂಥವರು ಎಷ್ಟು ಮಂದಿ ಮಹಾ ಎಂಬ ಪ್ರಶ್ನೆ. ಇದು ಈ ವಾದದ ಪಟ್ಟದಾನೆ. ಲಕ್ಷಾಂತರ ಜನರಲ್ಲಿ ಬೆರಳೆಣಿಕೆಯವರಿಗಾಗಿ ಇಡೀ ಏರ್ಪಾಟು ಬದಲಿಸಬೇಕೇ ಎನ್ನುತ್ತಾರೆ. ಹಾಗಾದರೆ ಎಣಿಸುವ ಬೆರಳು ಯಾರದೆಂದು ನೋಡೋಣ. ಗಡಿಯಲ್ಲಿ ನೋಂದಣಿಗೆ ಕೂತವನ ಮುಂದೆ ನೂರಾರು ಕುಟುಂಬಗಳು; ಪ್ರತಿ ಕುಟುಂಬಕ್ಕೆ ಸಿಗುವುದು ಕೆಲವು ನಿಮಿಷ. ಆತ ಕಣ್ಣಿಗೆ ಕಂಡದ್ದನ್ನು ಬರೆದುಕೊಳ್ಳುತ್ತಾನೆ. ಕಾಲು ಇಲ್ಲದವನು ಕಾಣುತ್ತಾನೆ. ಕಿವಿ ಕೇಳದವಳು ಕಾಣುವುದಿಲ್ಲ. ಮರೆವು ಹತ್ತಿದ ಅಜ್ಜ ಸುಮ್ಮನೆ ಕೂತ ಅಜ್ಜನಾಗಿಯೇ ಕಾಣುತ್ತಾನೆ. ಬುದ್ಧಿ ಬೆಳೆಯದ ಮಗುವನ್ನು ತಾಯಿ ಸೆರಗಿನ ಹಿಂದೆ ಇಟ್ಟುಕೊಂಡಿರುತ್ತಾಳೆ. ಇದಕ್ಕೆ ಪರಿಹಾರವೆಂದು ವಾಷಿಂಗ್ಟನ್ ಗ್ರೂಪ್ ಎಂಬ ತಜ್ಞರ ತಂಡ ಆರು ಪ್ರಶ್ನೆಗಳನ್ನು ರೂಪಿಸಿದೆ. 'ನೀನು ಅಂಗವಿಕಲನೇ' ಎಂದು ಅವು ಕೇಳುವುದೇ ಇಲ್ಲ. ನೋಡಲು, ಕೇಳಲು, ನಡೆಯಲು, ನೆನಪಿಟ್ಟುಕೊಳ್ಳಲು, ಸ್ನಾನ-ಬಟ್ಟೆ ಮಾಡಿಕೊಳ್ಳಲು, ಮಾತು ತಿಳಿಸಲು ಎಷ್ಟು ಕಷ್ಟವಾಗುತ್ತದೆ ಎಂದಷ್ಟೇ ಕೇಳುತ್ತವೆ. ರೋಹಿಂಗ್ಯಾ ಶಿಬಿರಗಳಲ್ಲಿ ಇದೇ ಬಗೆಯ ಪ್ರಶ್ನೆಗಳನ್ನು ಕೇಳಿ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಎರಡು ವರ್ಷ ತುಂಬಿದವರಲ್ಲಿ ನೂರಕ್ಕೆ 12 ಮಂದಿ ಒಂದಲ್ಲ ಒಂದು ವೈಕಲ್ಯದೊಂದಿಗೆ ಬದುಕುತ್ತಿರುವುದು ಕಂಡುಬಂತು. ಎಂಟು ಜನರಲ್ಲಿ ಒಬ್ಬರು. ಬೆರಳೆಣಿಕೆ ಎಂದಿರಲ್ಲ, ಎರಡು ಕೈಯ ಬೆರಳು ಮುಗಿಯುವ ಮೊದಲೇ ಒಬ್ಬರು ಸಿಕ್ಕರು.

ಮುಪ್ಪಿನ ಲೆಕ್ಕ ಇನ್ನೂ ವಿಚಿತ್ರ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಅಂಕಿಅಂಶದ ಪಟ್ಟಿಯಲ್ಲಿ ಮಕ್ಕಳಿಗೆ ಮೂರು ವಯೋಗುಂಪು: 0-4, 5-11, 12-17. ಆಮೇಲೆ 18-59. ಕಡೆಗೆ '60+' ಎಂಬ ಒಂದೇ ಡಬ್ಬ. ಗಟ್ಟಿಮುಟ್ಟಾಗಿ ಸೌದೆ ಒಡೆಯುವ 61ರ ಹೆಂಗಸೂ ಹಾಸಿಗೆ ಹಿಡಿದ 92ರ ಮುದುಕಿಯೂ ಅದರಲ್ಲಿ ಒಂದೇ. ಕಾಕ್ಸ್ ಬಜಾರಿನಲ್ಲಿ ಈ ಡಬ್ಬದೊಳಗಿರುವವರು ನೂರಕ್ಕೆ ನಾಲ್ಕರ ಆಸುಪಾಸು. ನೋಡಿ, ಇಷ್ಟೇ ಮಂದಿ ಎನ್ನುತ್ತಾರೆ. ಇಷ್ಟೇ ಮಂದಿ ಯಾಕೆ ಎಂದು ಯಾರೂ ಕೇಳುವುದಿಲ್ಲ. ಓಡಲಾರದವರು ಹಿಂದೆ ಉಳಿದರು, ದಾರಿಯಲ್ಲಿ ಉಳಿದರು. ಜೋಲಿಯಲ್ಲಿ ಬಂದವರ ಚಿತ್ರ ಬಂತು. ಹೊರುವವರಿಲ್ಲದವರ ಚಿತ್ರ ತೆಗೆಯಲು ಅಲ್ಲಿ ಯಾರೂ ಇರಲಿಲ್ಲ. ಸಂಖ್ಯೆ ಕಡಿಮೆ ಇರುವುದೇ ಅವರಿಗಾದ ಅನ್ಯಾಯದ ಗುರುತು. ಅದನ್ನೇ ಅವರ ವಿರುದ್ಧದ ಸಾಕ್ಷಿಯಾಗಿ ಬಳಸುವುದು ಯಾವ ನ್ಯಾಯ? ಯುಕ್ರೇನಿಗೆ ಬಂದರೆ ಈ ಲೆಕ್ಕವೂ ತಲೆಕೆಳಗಾಗುತ್ತದೆ. 60 ದಾಟಿದವರು ಅಲ್ಲಿನ ಜನಸಂಖ್ಯೆಯ ಕಾಲುಭಾಗದಷ್ಟಿದ್ದಾರೆ. ಅಲ್ಲಿ ಬಹುಪಾಲು, ಅಲ್ಪಪಾಲು ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಅದೂ ಹೋಗಲಿ, ಈ ವೈಕಲ್ಯ ಎಲ್ಲಿಂದ ಬಂತು? ಹುಟ್ಟಿನಿಂದ ಬಂದದ್ದು, ವಯಸ್ಸಿನಿಂದ ಬಂದದ್ದು ಇದ್ದೇ ಇದೆ. ಆದರೆ ಗುಂಡೇಟಿನಿಂದ, ಗಡಿಯುದ್ದಕ್ಕೂ ಹೂತಿಟ್ಟ ನೆಲಬಾಂಬಿನಿಂದ ಕಾಲು ಕಳೆದುಕೊಂಡು ಬಂದ ರೋಹಿಂಗ್ಯಾಗಳಿದ್ದಾರೆ. ಯಾವ ಹಿಂಸೆ ಅವರನ್ನು ನಿರಾಶ್ರಿತರನ್ನಾಗಿ ಮಾಡಿತೋ ಅದೇ ಹಿಂಸೆ ಅವರನ್ನು ಅಂಗವಿಕಲರನ್ನಾಗಿಯೂ ಮಾಡಿತು. ಮೊದಲನೆಯದು 'ಮುಖ್ಯ' ಪ್ರಶ್ನೆ, ಎರಡನೆಯದು 'ವಿಶೇಷ' ಪ್ರಶ್ನೆ ಎಂದು ಯಾವ ಚಾಕುವಿನಿಂದ ಸೀಳುತ್ತೀರಿ?

ಈ ಬುದ್ಧಿ ಇವತ್ತಿನದಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನಿ, ಆಸ್ಟ್ರಿಯಾ, ಇಟಲಿಗಳ ಶಿಬಿರಗಳಲ್ಲಿ ಊರಿಗೆ ಮರಳಲಾಗದ ಲಕ್ಷಾಂತರ ಜನ ಉಳಿದಿದ್ದರು. 1947ರಿಂದ 1952ರವರೆಗೆ ಅಂತರರಾಷ್ಟ್ರೀಯ ನಿರಾಶ್ರಿತರ ಸಂಘಟನೆ ಅವರಲ್ಲಿ 10 ಲಕ್ಷಕ್ಕೂ ಹೆಚ್ಚು ಜನರಿಗೆ ಹೊಸ ನಾಡು ಹುಡುಕಿಕೊಟ್ಟಿತು. ದೊಡ್ಡ ಕೆಲಸವೇ. ಆದರೆ ನಾಡು ಕೊಟ್ಟವರು ಆರಿಸಿಕೊಂಡದ್ದು ಹೇಗೆ? ಆಸ್ಟ್ರೇಲಿಯ ಎರಡು ವರ್ಷದ ಕೂಲಿ ಕರಾರಿನ ಮೇಲೆ ಸುಮಾರು 1,70,000 ಜನರನ್ನು ಕರೆಸಿಕೊಂಡಿತು. ಬ್ರಿಟನ್ನಿಗೆ ಗಣಿಗೂ ಗಿರಣಿಗೂ ಆಳು ಬೇಕಿತ್ತು. ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ಹಿಡಿದು ನೋಡುತ್ತಾನಲ್ಲ, ಹಾಗೆ. ಕ್ಷಯ ಹಿಡಿದವರು, ಕಣ್ಣಿಲ್ಲದವರು, ಕೈಕಾಲು ಕಳೆದುಕೊಂಡವರು, ಮುದುಕರು ಶಿಬಿರದಲ್ಲೇ ಉಳಿದರು. ಒಬ್ಬ ಅಂಗವಿಕಲ ಮಗನಿದ್ದಾನೆಂದು ಇಡೀ ಮನೆಯೇ ಉಳಿದದ್ದೂ ಉಂಟು. ಹೀಗೆ ಉಳಿದವರಿಗೆ ಕಡತಗಳಲ್ಲಿ ಬಂದ ಹೆಸರು 'ಹಾರ್ಡ್ ಕೋರ್'. ಕನ್ನಡದಲ್ಲಿ ಹೇಳಬೇಕೆಂದರೆ ಗಸಿ. ಎಣ್ಣೆ ಸೋಸಿಕೊಂಡ ಮೇಲೆ ತಳದಲ್ಲಿ ನಿಲ್ಲುತ್ತದಲ್ಲ, ಅದು.

1949ರಲ್ಲಿ ಈ ಗಸಿಯ ಸುದ್ದಿ ಕೇಳಿ ಬೆಲ್ಜಿಯಮ್ಮಿನ ಒಬ್ಬ ಪಾದ್ರಿ ತಲೆಕೆಡಿಸಿಕೊಂಡರು: ಡೊಮಿನಿಕ್ ಪಿರ್. ವೃದ್ಧ ನಿರಾಶ್ರಿತರಿಗಾಗಿ ಬೆಲ್ಜಿಯಮ್ಮಿನಲ್ಲಿ ನಾಲ್ಕು ಮನೆಗಳನ್ನು ತೆರೆದರು, ಶಿಬಿರದ ಒಂದೊಂದು ಕುಟುಂಬಕ್ಕೂ ಹೊರಗಿನ ಒಂದೊಂದು ಕುಟುಂಬವನ್ನು ಕಾಗದ, ಪಾರ್ಸೆಲುಗಳ ಮೂಲಕ ಜೋಡಿಸಿದರು, ನಗರಗಳ ಅಂಚಿನಲ್ಲಿ ಪುಟ್ಟ ಹಳ್ಳಿಗಳನ್ನು ಕಟ್ಟಿದರು. 1958ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದರ ಮರುವರ್ಷ ಶುರುವಾದ ವಿಶ್ವ ನಿರಾಶ್ರಿತರ ವರ್ಷದಲ್ಲಿ ಹಲವು ದೇಶಗಳು ತಮ್ಮ ಆರೋಗ್ಯದ ಷರತ್ತುಗಳನ್ನು ಸಡಿಲಿಸಿ ರೋಗಿಗಳನ್ನೂ ಅಂಗವಿಕಲರನ್ನೂ ಒಳಗೆ ಬಿಟ್ಟುಕೊಂಡವು. ಯಾವ ದೇಶವೂ ಅದರಿಂದ ಮುಳುಗಲಿಲ್ಲ. ಯುದ್ಧ ಮುಗಿದು ಹದಿನಾಲ್ಕು ವರ್ಷವಾಗಿತ್ತು ಎಂಬುದನ್ನು ಮಾತ್ರ ಮರೆಯಬಾರದು. ಎರಡನೆಯ ಹಂತ ಎಂದರೆ ಇಷ್ಟು ಕಾಲ. 1945ರಲ್ಲಿ ಎಪ್ಪತ್ತಾಗಿದ್ದವರಿಗೆ ಆ ಹಂತ ಬಂದದ್ದು ಎಂಬತ್ತನಾಲ್ಕಕ್ಕೆ, ಬದುಕಿದ್ದರೆ.

ಈಗ ಹಾಗಿಲ್ಲವಲ್ಲ, ಒಪ್ಪಂದಗಳಿವೆಯಲ್ಲ ಎನ್ನಬಹುದು. ಇವೆ. ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 11ನೆಯ ವಿಧಿ ಯುದ್ಧ, ವಿಪತ್ತುಗಳ ಹೊತ್ತಿನ ರಕ್ಷಣೆಯ ಬಗ್ಗೆಯೇ ಇದೆ. ಸಿರಿಯಾದಿಂದ ಜರ್ಮನಿಯವರೆಗೆ ಗಾಲಿಕುರ್ಚಿಯಲ್ಲಿ ಬಂದ ನುಜೀನ್ ಮುಸ್ತಫಾ ಎಂಬ ಹುಡುಗಿ 2019ರ ಏಪ್ರಿಲಿನಲ್ಲಿ ಭದ್ರತಾ ಮಂಡಳಿಯ ಮುಂದೆ ಮಾತಾಡಿದಳು. ಆ ಮಂಡಳಿಗೆ ಪರಿಸ್ಥಿತಿ ವಿವರಿಸಿದ ಮೊದಲ ಅಂಗವಿಕಲ ವ್ಯಕ್ತಿ ಆಕೆ. ಎರಡು ತಿಂಗಳಲ್ಲಿ, ಜೂನ್ 20ರಂದು, 2475ನೆಯ ನಿರ್ಣಯ ಅಂಗೀಕಾರವಾಯಿತು. ಆ ದಿನ ವಿಶ್ವ ನಿರಾಶ್ರಿತರ ದಿನವೂ ಹೌದು. ಕಾಗದದ ಮಟ್ಟಿಗೆ ಕೊರತೆಯಿಲ್ಲ. ಆದರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಜನರನ್ನು ಮೂರನೆಯ ದೇಶಕ್ಕೆ ಕಳಿಸಲು ಶಿಫಾರಸು ಮಾಡುವಾಗ ಬಳಸುವ ಏಳು ವರ್ಗಗಳನ್ನು ನೋಡಿ: ಕಾನೂನು ಅಥವಾ ದೈಹಿಕ ರಕ್ಷಣೆ ಬೇಕಾದವರು, ಹಿಂಸೆಗೆ ಒಳಗಾದವರು, ವೈದ್ಯಕೀಯ ಅಗತ್ಯವುಳ್ಳವರು, ಅಪಾಯದಲ್ಲಿರುವ ಹೆಂಗಸರು, ಅಪಾಯದಲ್ಲಿರುವ ಮಕ್ಕಳು, ಕುಟುಂಬದಿಂದ ಅಗಲಿದವರು, ಬೇರೆ ದಾರಿ ಕಾಣದವರು. ಇದರಲ್ಲಿ ಮುಪ್ಪು ಇಲ್ಲ, ವೈಕಲ್ಯವೂ ಇಲ್ಲ. ಅಜ್ಜಿ ಒಳಗೆ ಬರಬೇಕಾದರೆ ರೋಗಿಯ ವೇಷದಲ್ಲಿ ಬರಬೇಕು, ಇಲ್ಲವೇ ಮಗಳ ಸೆರಗು ಹಿಡಿದು ಬರಬೇಕು.

ಮಗಳ ಸೆರಗು ಎಂದೆನಲ್ಲ, ಮತ್ತೆ ಮನೆಯವರ ಮಾತಿಗೇ ಬಂದೆವು. ಏಷ್ಯಾದ ಸಮಾಜಗಳಲ್ಲಿ ಹಿರಿಯರನ್ನು ಮನೆಯವರೇ ನೋಡಿಕೊಳ್ಳುತ್ತಾರೆ, ಅದು ಅವರ ಸಂಸ್ಕೃತಿ ಎಂದು ಹೊರಗಿನವರು ಗೌರವದಿಂದ ಹೇಳುತ್ತಾರೆ, ನಾವು ಹೆಮ್ಮೆಯಿಂದ ತಲೆದೂಗುತ್ತೇವೆ. ಇದು ಗೌರವದ ಹೊದಿಕೆಯೊಳಗಿನ ಜಿಪುಣತನ. ಶಿಬಿರದ ಮನೆ ಎಂದರೆ ಹಿಂದಿನ ಮನೆಯಲ್ಲ. ಗಂಡ ಸತ್ತಿದ್ದಾನೆ, ಮಗ ಕಡಲು ದಾಟಿ ಮಲೇಷಿಯಾಕ್ಕೆ ಹೋಗುವ ದೋಣಿ ಹತ್ತಿದ್ದಾನೆ, ಉಳಿದ ಸೊಸೆಗೆ ಎರಡು ಕೈ. ಆ ಎರಡು ಕೈ ನೀರಿನ ಸಾಲಿನಲ್ಲಿ ಬಿಂದಿಗೆ ಹಿಡಿಯಬೇಕು, ಪಡಿತರದ ಸಾಲಿನಲ್ಲಿ ಚೀಟಿ ಹಿಡಿಯಬೇಕು, ಅತ್ತೆಯನ್ನು ಗುಡ್ಡದ ಮೇಲಿನ ಪಾಯಿಖಾನೆಗೆ ಹಿಡಿದುಕೊಂಡು ಹೋಗಬೇಕು. ಸೊಸೆ ಬರುವವರೆಗೆ ನೀರು ಕುಡಿಯದೆ ಕೂರುವ ಉಪಾಯ ಎಲ್ಲ ಕಡೆಯ ಮುದುಕಿಯರಿಗೂ ಗೊತ್ತು. ಸೊಸೆಯೂ ಇಲ್ಲದಿದ್ದರೆ ಮೊಮ್ಮಗಳು ಓದು ಬಿಟ್ಟು ಮನೆಯಲ್ಲಿ ಉಳಿಯುತ್ತಾಳೆ. ಒಬ್ಬರಿಗೆ ನೆರವು ನಿರಾಕರಿಸಿ ಉಳಿಸಿದ ಹಣಕ್ಕೆ ಬೆಲೆ ತೆರುವವರು ಮೂರು ಜನ. ಶ್ರವಣಕುಮಾರನ ಲೆಕ್ಕವೇ.

ಇದನ್ನು ನೋಡಲು ಕಡಲ ತೀರದವರೆಗೆ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆಯ ಬೈಲಕುಪ್ಪೆಗೆ ಹೋದರೆ ಸಾಕು. 1960ರಲ್ಲಿ ಆಗಿನ ಮೈಸೂರು ರಾಜ್ಯ ಕೊಟ್ಟ ಸುಮಾರು 3,000 ಎಕರೆಯಲ್ಲಿ ಕಾಡು ಕಡಿದು, ಆನೆಗಳನ್ನು ಅಟ್ಟಿ, ಜೋಳ ಬೆಳೆದ ಟಿಬೆಟನ್ ತಲೆಮಾರು ಅಲ್ಲಿದೆ. ಅಂದು ಇಪ್ಪತ್ತಾಗಿದ್ದವರಿಗೆ ಇಂದು ಎಂಬತ್ತೈದು ದಾಟಿದೆ. ಬೈಲಕುಪ್ಪೆ, ಮುಂಡಗೋಡು, ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ, ಎಲ್ಲ ಕಡೆಯೂ ಒಂದೇ ಕತೆ: ಮಕ್ಕಳು ಟೊರಾಂಟೊದಲ್ಲಿ, ನ್ಯೂಯಾರ್ಕಿನಲ್ಲಿ; ಹಿರಿಯರು ಇಲ್ಲಿ, ಜಪಮಣಿ ಎಣಿಸುತ್ತ. ನಾವು ಅಲ್ಲಿನ ಚಿನ್ನದ ದೇವಸ್ಥಾನ ನೋಡಿ, ಮೊಮೊ ತಿಂದು, ಆ ಸುಕ್ಕುಗಟ್ಟಿದ ಮುಖಗಳ ಫೋಟೊ ತೆಗೆದುಕೊಂಡು ಬರುತ್ತೇವೆ. ಟಿಬೆಟನ್ನರದು ಯಶಸ್ವಿ ಪುನರ್ವಸತಿ ಎಂದು ಭಾಷಣ ಮಾಡುತ್ತೇವೆ. ಸುಳ್ಳೇನಲ್ಲ. ಅರವತ್ತು ವರ್ಷದ ಹಿಂದೆ ಕೊಟ್ಟದ್ದು ದುಡಿಯಬಲ್ಲ ಮೈಗೆ ಬೇಕಾದ ನೆಲ. ಆ ಮೈಗೂ ಒಂದು ದಿನ ಮುಪ್ಪು ಬರುತ್ತದೆ ಎಂಬ ಲೆಕ್ಕ ಯಾರ ಕಡತದಲ್ಲೂ ಇರಲಿಲ್ಲ.

ಭಾಷೆಯೇ ಇಲ್ಲಿ ಒಂದು ತಮಾಷೆ ಮಾಡಿದೆ. ನಮ್ಮಲ್ಲಿ ಮುದುಕರಿಗೆ ಸರ್ಕಾರಿ ಹೆಸರು 'ಹಿರಿಯ ನಾಗರಿಕರು'. ಹಿರಿತನದ ಜೊತೆ ನಾಗರಿಕತ್ವವೂ ಬೇಕು ಎಂಬುದು ಬರೀ ಮಾತಿನ ರೂಢಿಯಲ್ಲ, ಕಾನೂನಿನ ಮಾತು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆ, 60 ತುಂಬಿದ ಭಾರತದ ನಾಗರಿಕರನ್ನೇ ಹಿರಿಯ ನಾಗರಿಕರೆಂದು ಕರೆಯುತ್ತದೆ. ಮಕ್ಕಳಿರುವವರು 'ತಾಯಿ', 'ತಂದೆ' ಎಂಬ ಬಾಗಿಲಿನಿಂದ ಒಳಬರಬಹುದು. ಮಕ್ಕಳಿಲ್ಲದ ನಿರಾಶ್ರಿತ ಮುದುಕಿಗೆ ಆ ಬಾಗಿಲೂ ಇಲ್ಲ. ಕಾನೂನಿನ ಕಣ್ಣಿನಲ್ಲಿ ಆಕೆಗೆ ವಯಸ್ಸೇ ಆಗಿಲ್ಲ. ಆಕೆಯ ಕೈಯಲ್ಲಿರುವುದು ಆರ್‌ಸಿ. ನಮಗೆ ಆರ್‌ಸಿ ಎಂದರೆ ಸ್ಕೂಟರಿನದು, ಆಕೆಗೆ ಅದು ಈ ನೆಲದ ಮೇಲೆ ಇರಲು ಇರುವ ನೋಂದಣಿ ಪತ್ರ, ಕಾಲಕಾಲಕ್ಕೆ ನವೀಕರಿಸಬೇಕು. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಎಂದು ನಮ್ಮ ಮುದುಕರು ನಗೆಯಾಡುವುದುಂಟು. ಇವರ ಪಾಲಿಗೆ ಆ ಮಾತಿನ ಮೊದಲರ್ಧ ನಗೆಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ವಿಷಯದಲ್ಲಿ ಮೇಲು. ಅದು 'ವ್ಯಕ್ತಿ' ಎಂದಷ್ಟೇ ಹೇಳುತ್ತದೆ, ನಾಗರಿಕ ಎನ್ನುವುದಿಲ್ಲ. ಕಾಯ್ದೆಯಲ್ಲಿ ವ್ಯಕ್ತಿಯಾದವನು ಅರ್ಜಿ ನಮೂನೆಯ ಮುಂದೆ ನಿಂತಾಗ ಆಧಾರ್ ಸಂಖ್ಯೆಯಾಗಬೇಕಾಗುತ್ತದೆ ಎಂಬುದು ಬೇರೆ ಮಾತು.

ಅಂದಹಾಗೆ, 'ವಿಶೇಷಚೇತನ', 'ದಿವ್ಯಾಂಗ' ಎಂಬ ಪದಗಳ ಬಗ್ಗೆ ನನಗೆ ಸಿಟ್ಟಿದೆ. ಏರಲು ಇಳಿಜಾರು ಕೊಡಿ ಎಂದು ಕೇಳಿದವನಿಗೆ ಬಿರುದು ಕೊಟ್ಟು ಕಳಿಸುವ ಉಪಾಯ ಅದು. ನೆರವಿನ ಲೋಕದ 'ವಲ್ನರಬಲ್' ಎಂಬ ಪದವೂ ಅದೇ ಜಾತಿಯದು. ಅಶಕ್ತತೆ ಆ ಮನುಷ್ಯನ ಮೈಯೊಳಗೇ ಇದೆ ಎಂದು ಅದು ಸೂಚಿಸುತ್ತದೆ. 2021ರ ಮಾರ್ಚ್ 22ರಂದು ಕಾಕ್ಸ್ ಬಜಾರಿನ ಬಾಲುಖಾಲಿ ಶಿಬಿರಕ್ಕೆ ಬೆಂಕಿ ಬಿತ್ತು. ಸುಮಾರು 45,000 ಜನ ಸೂರು ಕಳೆದುಕೊಂಡರು, ಕನಿಷ್ಠ 15 ಮಂದಿ ಸತ್ತರು. ಶಿಬಿರದ ಸುತ್ತ ಮುಳ್ಳುತಂತಿಯ ಬೇಲಿ ಹಾಕಲಾಗಿತ್ತು. ಓಡಬಲ್ಲವರೇ ಅದರೆದುರು ಸಿಕ್ಕಿಹಾಕಿಕೊಂಡರು. ಹಾಗಾದರೆ ಓಡಲಾರದವನನ್ನು ಅಶಕ್ತನನ್ನಾಗಿ ಮಾಡಿದ್ದು ಅವನ ಕಾಲೋ, ಬೇಲಿಯೋ?

ಕೊನೆಗೆ ದುಡ್ಡಿನ ಮಾತು ಬಂದೇ ಬರುತ್ತದೆ. ಇರುವವರಿಗೇ ಅನ್ನವಿಲ್ಲ, ಇನ್ನು ಇದೆಲ್ಲ ಎಲ್ಲಿ ಎಂದು. ಅನ್ನವಿಲ್ಲ ಎಂಬುದು ನಿಜ. 2023ರಲ್ಲಿ ರೋಹಿಂಗ್ಯಾಗಳ ಪಡಿತರದ ಮೊತ್ತ ಒಬ್ಬರಿಗೆ ತಿಂಗಳಿಗೆ 12 ಡಾಲರಿನಿಂದ 10ಕ್ಕೆ, ಅಲ್ಲಿಂದ 8ಕ್ಕೆ ಇಳಿಯಿತು. ಮರುವರ್ಷ ಮತ್ತೆ ಏರಿಸಬೇಕಾಯಿತು. ಎಂಟು ಡಾಲರಿನಲ್ಲಿ ಗಟ್ಟಿ ಆಳು ಕದ್ದುಮುಚ್ಚಿ ಕೂಲಿಗೆ ಹೋಗಿ ತುಂಬಿಕೊಂಡಾನು. ಹಾಸಿಗೆ ಹಿಡಿದವನು ಏನು ಮಾಡಿಯಾನು? ಎಲ್ಲರಿಗೂ ಸಮನಾಗಿ ಕಡಿದರೂ ಪೆಟ್ಟು ಸಮನಾಗಿ ಬೀಳುವುದಿಲ್ಲ. ಮತ್ತೆ, ನಾವು ಕೇಳುತ್ತಿರುವುದು ಏನು ಮಹಾ? ಪಡಿತರದ ಮೂಟೆಯನ್ನು ಗುಡಿಸಲಿಗೆ ಮುಟ್ಟಿಸುವ ಕೂಲಿಯಾಳು. ಇದು ಅದೇ ಶಿಬಿರಗಳಲ್ಲಿ ನಡೆದಿದೆ, ಆ ಕೂಲಿ ಸಿಗುವುದೂ ನಿರಾಶ್ರಿತರಿಗೇ. ಪಾಯಿಖಾನೆಯ ದಾರಿಗೆ ಹಿಡಿದುಕೊಳ್ಳಲು ಒಂದು ಬಿದಿರಿನ ಕಟಕಟೆ. ಬಿದಿರಿಗೆ ಅಲ್ಲಿ ಅಡ್ಡಿಯಿಲ್ಲ. ಹೊಸ ಗುಡಿಸಲು ಹಂಚುವಾಗ ನಡೆಯಲಾರದವರಿಗೆ ತಗ್ಗಿನಲ್ಲಿ, ನೀರಿನ ಹತ್ತಿರ ಜಾಗ. ಇದಕ್ಕೆ ತಗಲುವ ಖರ್ಚು ಸೊನ್ನೆ, ಮೊದಲ ದಿನವೇ ಯೋಚಿಸಿದ್ದರೆ. ಕಟ್ಟಿ ಮುಗಿದ ಮೇಲೆ ಕೆಡವಿ ಕಟ್ಟುವುದು ದುಬಾರಿ. ಮೊದಲು ಬಿಟ್ಟು, ಆಮೇಲೆ ದುಬಾರಿ ಎಂದು ತೋರಿಸಿ, ಅದಕ್ಕೇ ಬಿಟ್ಟೆವು ಎನ್ನುವುದು ಯಾವ ಸೀಮೆಯ ತರ್ಕವೋ. ಬದಲಿಗೆ ನಡೆಯುವುದೇನು? ಗಾಲಿಕುರ್ಚಿ ದಾನ, ಜೊತೆಗೊಂದು ಫೋಟೊ. ಕಾಕ್ಸ್ ಬಜಾರಿನ ಕುಟುಪಾಲಾಂಗ್ ಶಿಬಿರದ ಇಳಿಜಾರಿನಲ್ಲಿ ಸಾಧಾರಣ ಗಾಲಿಕುರ್ಚಿ ನಾಲ್ಕು ಮಾರು ಹೋಗಲಾರದು.

ಬಾಂಗ್ಲಾದೇಶದ ಚಂಡಮಾರುತದ ಎಚ್ಚರಿಕೆಯ ವ್ಯವಸ್ಥೆಯನ್ನು ಇಲ್ಲಿ ನೆನೆಯಬೇಕು. ಅಪಾಯ ಹೆಚ್ಚಿದಂತೆ ಒಂದು, ಎರಡು, ಮೂರು ಬಾವುಟ ಏರಿಸುತ್ತಾರೆ, ಜೊತೆಗೆ ಸ್ವಯಂಸೇವಕರು ಧ್ವನಿವರ್ಧಕ ಹಿಡಿದು ಕೂಗುತ್ತಾರೆ. ಕಿವುಡನಿಗೆ ಬಾವುಟ ಕಾಣುತ್ತದೆ, ಕುರುಡನಿಗೆ ಕೂಗು ಕೇಳುತ್ತದೆ. ಯಾರೂ ಅದನ್ನು ವಿಶೇಷ ಯೋಜನೆ ಎನ್ನಲಿಲ್ಲ, ಯಾರಿಗೂ ಬಿರುದು ಕೊಡಲಿಲ್ಲ. ಓದು ಬಾರದ ಜನರಿಗೆ ಸುದ್ದಿ ಮುಟ್ಟಬೇಕಿತ್ತು, ಎರಡು ದಾರಿ ಇಟ್ಟರು. 2023ರ ಮೇ 14ರಂದು ಮೋಚಾ ಚಂಡಮಾರುತ ಅಪ್ಪಳಿಸಿದಾಗ ಅದೇ ಬಾವುಟ, ಅದೇ ಕೂಗು ಶಿಬಿರಗಳಲ್ಲೂ ಇದ್ದವು. ಸುದ್ದಿ ತಿಳಿದ ಮೇಲೆ ಹಾಸಿಗೆ ಹಿಡಿದವರನ್ನು ಎತ್ತಿಕೊಂಡು ಹೋಗುವುದು ಯಾರು, ಎಲ್ಲಿಗೆ ಎಂಬ ಮುಂದಿನ ಪ್ರಶ್ನೆಗೆ ಮಾತ್ರ ಯಾವ ಬಾವುಟವೂ ಇಲ್ಲ.

ಇಷ್ಟು ಹೇಳಿದ ಮೇಲೂ ಒಬ್ಬರು ಏಳುತ್ತಾರೆ: ಮೊದಲು ನಮ್ಮವರನ್ನು ನೋಡಿಕೊಳ್ಳಿ ಸ್ವಾಮಿ, ಆಮೇಲೆ ಪರದೇಶಿಗಳು. ಒಪ್ಪಿದೆ, ನಮ್ಮವರನ್ನೇ ನೋಡೋಣ. 2009ರಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂತು, 2018ರಲ್ಲಿ ಕೊಡಗಿನ ಗುಡ್ಡ ಕುಸಿಯಿತು, 2019ರಲ್ಲಿ ಮತ್ತೆ ನೆರೆ. ಪ್ರತಿ ಸಲವೂ ನಾವು ಗಂಜಿ ಕೇಂದ್ರ ತೆರೆಯುವುದು ಶಾಲೆಗಳಲ್ಲಿ, ಕಲ್ಯಾಣ ಮಂಟಪಗಳಲ್ಲಿ. ಮಣೆಯಿಲ್ಲದೆ ನೆಲದ ಮೇಲೆ ಊಟ, ಮಕ್ಕಳ ಅಳತೆಗೆ ಕಟ್ಟಿದ ಶೌಚಾಲಯ, ಬಟ್ಟಲು ಹಿಡಿದು ನಿಲ್ಲುವ ಸಾಲು, ಪರಿಹಾರದ ಚೆಕ್ಕಿಗೆ ತಹಶೀಲ್ದಾರರ ಕಚೇರಿಯ ಮಹಡಿ. ಕುಟುಪಾಲಾಂಗಿನ ಗುಡ್ಡವೂ ಇಲ್ಲ, ಪೌರತ್ವದ ತಕರಾರೂ ಇಲ್ಲ, ಆದರೂ ಮೊಣಕಾಲು ಮಡಚಲಾಗದ ಅಜ್ಜಿ ಅಲ್ಲಿಯೂ ಸಂಜೆಯವರೆಗೆ ನೀರು ಕುಡಿಯದೆ ಕೂತಿರುತ್ತಾಳೆ. ಮುಂದಿನ ಮಳೆ ಬಂದೇ ಬರುತ್ತದೆ. ನಿಮ್ಮೂರಿನ ಶಾಲೆಯ ಶೌಚಾಲಯಕ್ಕೆ ಎಷ್ಟು ಮೆಟ್ಟಿಲು, ಗೋಡೆಯಲ್ಲಿ ಹಿಡಿಕೆ ಇದೆಯೋ ಇಲ್ಲವೋ, ಒಮ್ಮೆ ನೋಡಿಕೊಂಡು ಬನ್ನಿ.